ತೇವದ ಹವೆಯಲ್ಲಿ ಅಡುಗೆಮನೆ: ಯಾವ ಮರ, ಯಾವ ಯಂತ್ರ?

ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದು, ಅದರ ಕೆಳ ಅಂಚಿನ ಮೇಲೆ ಒಮ್ಮೆ ಬೆರಳು ಓಡಿಸಿ ನೋಡಿ. ನುಣುಪಾಗಿ, ನೇರವಾಗಿ ಇದ್ದರೆ ಸರಿ. ಉಬ್ಬಿ ದಪ್ಪಗಾಗಿ, ಮೇಲಿನ ಲ್ಯಾಮಿನೇಟ್ ತುಟಿ ಬಿಟ್ಟಂತೆ ಎದ್ದಿದ್ದರೆ ತೇವ ಒಳಗೆ ಸೇರಿ ಬಹಳ ದಿನವಾಗಿದೆ. ನನ್ನ ಮೊದಲ ಅಡುಗೆಮನೆಯಲ್ಲಿ ಮೂರನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಆ ಬಾಗಿಲು ಮುಚ್ಚುವುದನ್ನೇ ಬಿಟ್ಟಿತ್ತು. ಬಿಚ್ಚಿ ನೋಡಿದರೆ ಅಂಚು ನೆನೆದ ರಟ್ಟಿನಂತೆ ಉಗುರಿಗೇ ಕಿತ್ತು ಬಂತು. ಕೊಳಾಯಿ ಎಲ್ಲಿಯೂ ಸೋರಿರಲಿಲ್ಲ. ಒಲೆಯ ಹಬೆ, ತೊಳೆದ ಪಾತ್ರೆಯ ಹನಿ, ಹೊರಗಿನ ಒದ್ದೆ ಗಾಳಿ ಇಷ್ಟೇ ಸಾಕಾಗಿತ್ತು.

ಗಟ್ಟಿ ಮರವೋ ಪ್ಲೈವುಡ್ಡೋ, ಗ್ಯಾಸ್ ಒಲೆಯೋ ಇಂಡಕ್ಷನ್ನೋ ಎಂದು ಅಳೆದೂ ಸುರಿದೂ ಕುಳಿತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನವರು ಮರದ ಮಾತನ್ನು ಬಡಗಿಯ ಜೊತೆಗೆ, ಯಂತ್ರಗಳ ಮಾತನ್ನು ಅಂಗಡಿಯಲ್ಲಿ, ಬೇರೆ ಬೇರೆ ದಿನ ಮುಗಿಸುತ್ತಾರೆ. ತೇವದ ಹವೆಯಲ್ಲಿ ಇವನ್ನು ಬೇರೆ ಮಾಡಲಾಗುವುದಿಲ್ಲ. ಯಂತ್ರಗಳು ಎಷ್ಟು ಹಬೆಯನ್ನು ಕೋಣೆಗೆ ಬಿಡುತ್ತವೆ, ಎಷ್ಟನ್ನು ಹೊರಗೆ ಹಾಕುತ್ತವೆ ಎಂಬುದರ ಮೇಲೆ ಮರದ ಆಯುಷ್ಯ ನಿಂತಿದೆ. ಹಾಗಾಗಿ ಎರಡನ್ನೂ ಒಂದೇ ಸಲ ಕುಳಿತು ತೀರ್ಮಾನಿಸಿ ಎಂಬುದು ನನ್ನ ಮೊದಲ ಸಲಹೆ.

ಅಳೆಯುವುದು ಹೇಗೆ

ನಾನು ಪ್ರತಿಯೊಂದು ವಸ್ತುವಿಗೂ ನಾಲ್ಕು ಪ್ರಶ್ನೆ ಕೇಳುತ್ತೇನೆ. ಒದ್ದೆ ಗಾಳಿಯಲ್ಲಿ ಇದು ಎಷ್ಟು ಹಿಗ್ಗುತ್ತದೆ, ಗಾಳಿ ಒಣಗಿದಾಗ ಮೊದಲಿನ ಅಳತೆಗೆ ಮರಳುತ್ತದೆಯೇ? ಬೂಷ್ಟು, ಗೆದ್ದಲು, ತುಕ್ಕು ಇವುಗಳಲ್ಲಿ ಯಾವುದು ಇದನ್ನು ತಿನ್ನುತ್ತದೆ? ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಬಹುದೇ? ಯಂತ್ರವಾದರೆ, ಇದು ಕೋಣೆಗೆ ತೇವ ಸೇರಿಸುತ್ತದೆಯೋ, ಕಳೆಯುತ್ತದೆಯೋ? ಬೆಲೆಯನ್ನು ಇವುಗಳ ನಂತರ ನೋಡುತ್ತೇನೆ. ನಾಲ್ಕೈದು ವರ್ಷಕ್ಕೊಮ್ಮೆ ಕಿತ್ತು ಹಾಕಬೇಕಾದ ಅಗ್ಗದ ಕಪಾಟು, ಒಮ್ಮೆ ಮಾಡಿಸಿದ ದುಬಾರಿ ಕಪಾಟಿಗಿಂತ ಕೊನೆಗೆ ಹೆಚ್ಚು ಹಣ ನುಂಗುತ್ತದೆ.

ತೇವ ಎಂದರೆ ಎಷ್ಟು ಎಂಬುದಕ್ಕೂ ಲೆಕ್ಕವಿದೆ. ಮರ ತನ್ನ ಸುತ್ತಲಿನ ಗಾಳಿಗೆ ತಕ್ಕಷ್ಟು ನೀರನ್ನು ಹೀರಿ ನಿಲ್ಲುತ್ತದೆ. ಗಾಳಿಯ ಆರ್ದ್ರತೆ ಶೇ 65 ಇದ್ದರೆ ಮರದೊಳಗಿನ ತೇವಾಂಶ ಸುಮಾರು ಶೇ 12ಕ್ಕೆ ನಿಲ್ಲುತ್ತದೆ. ಆರ್ದ್ರತೆ ಶೇ 80ಕ್ಕೆ ಏರಿದರೆ ತೇವಾಂಶ ಶೇ 16ರ ಆಸುಪಾಸು, ಶೇ 90ಕ್ಕೆ ಏರಿದರೆ ಶೇ 20ರ ಆಸುಪಾಸು. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಮೇಲ್ಮೈಯ ಬೂಷ್ಟಿಗೆ ಅಷ್ಟೂ ಬೇಡ, ಶೇ 80ರ ಆರ್ದ್ರತೆ ಕೆಲವು ದಿನ ನಿಂತರೆ ಸಾಕು. ಇನ್ನೊಂದು ಲೆಕ್ಕ: 30 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 80 ಆರ್ದ್ರತೆಯ ಗಾಳಿ 26 ಡಿಗ್ರಿಗೆ ತಣಿದರೆ ನೀರಾಗಿ ಇಳಿಯತೊಡಗುತ್ತದೆ. ತಣ್ಣೀರಿನ ಕೊಳವೆ, ಕಲ್ಲಿನ ಕಟ್ಟೆಯ ಅಡಿಭಾಗ, ಫ್ರಿಜ್ಜಿನ ಬಾಗಿಲಿನ ಅಂಚು ಬೆವರುವುದು ಇದರಿಂದಲೇ.

ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಒಂದು ಚಿಕ್ಕ ಆರ್ದ್ರತಾಮಾಪಕವನ್ನು ತಂದು, ವರ್ಷದ ಅತಿ ಒದ್ದೆ ತಿಂಗಳಿನಲ್ಲಿ ಅಡುಗೆಮನೆಯಲ್ಲಿ ಇಡಿ. ಬೆಳಿಗ್ಗೆ, ಅಡುಗೆಯ ನಡುವೆ, ರಾತ್ರಿ ಮಲಗುವ ಮುನ್ನ ಬರೆದುಕೊಳ್ಳಿ. ಅಡುಗೆಯ ಹೊತ್ತಿನಲ್ಲಿ ಮಾತ್ರ ಮುಳ್ಳು ಏರಿ ಒಂದು ಗಂಟೆಯೊಳಗೆ ಇಳಿದರೆ ನಿಮ್ಮ ಸಮಸ್ಯೆ ಚಿಮಣಿಯದು. ಹಗಲೂ ರಾತ್ರಿ ಮೇಲೆಯೇ ನಿಂತಿದ್ದರೆ ಅದು ಹವೆಯದು, ಆಗ ಮರದ ಆಯ್ಕೆಯಲ್ಲಿ ರಾಜಿ ಬೇಡ.

ಗಟ್ಟಿ ಮರ

ಮರ ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬಹುದು. ಹಿಗ್ಗುವುದೆಲ್ಲ ಅಗಲಕ್ಕೆ, ಅದೂ ಜಾತಿಯಿಂದ ಜಾತಿಗೆ ಬೇರೆ. 400 ಮಿ.ಮೀ. ಅಗಲದ ತೇಗದ ಹಲಗೆಯ ತೇವಾಂಶ ಬೇಸಿಗೆಯ ಶೇ 11ರಿಂದ ಮಳೆಗಾಲದ ಶೇ 16ಕ್ಕೆ ಹೋದರೆ ಅದು ಹೆಚ್ಚೆಂದರೆ 4 ಮಿ.ಮೀ. ಹಿಗ್ಗುತ್ತದೆ. ಅದೇ ಅಳತೆಯ ಬೀಚ್ ಮರ 8 ಮಿ.ಮೀ. ದಾಟುತ್ತದೆ. ಬಾಗಿಲಿನ ಸುತ್ತ ಬಡಗಿ ಬಿಡುವ ಸಂದು 2 ಅಥವಾ 3 ಮಿ.ಮೀ. ಎಂದು ನೆನೆದರೆ, ಒಂದೇ ಅಗಲ ಹಲಗೆಯ ಬಾಗಿಲು ಏಕೆ ಸಿಕ್ಕಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ. ಮರದ ಬಾಗಿಲು ಬೇಕೆಂದರೆ ಚೌಕಟ್ಟು ಮಾಡಿ, ನಡುವಿನ ಹಲಗೆಯನ್ನು ಚೌಕಟ್ಟಿನ ಒಳ ಅಂಚಿನ ತೋಡಿನಲ್ಲಿ ಅಂಟಿಲ್ಲದೆ ಕೂರಿಸುವ ಹಳೆಯ ಪದ್ಧತಿಯೇ ಸರಿ. ನಡುವಿನ ಹಲಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ, ಬಾಗಿಲಿನ ಹೊರ ಅಳತೆ ಹೆಚ್ಚು ಬದಲಾಗುವುದಿಲ್ಲ.

ತೇಗಕ್ಕೆ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಕಡಿಮೆ ಹಿಗ್ಗುತ್ತದೆ, ಅದರೊಳಗಿನ ಎಣ್ಣೆಯಂಶ ನೀರನ್ನು ತಡೆಯುತ್ತದೆ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ಈ ಗುಣವೆಲ್ಲ ಚೇಗಿನದು, ಅಂದರೆ ಕಾಂಡದ ನಡುವಿನ ಗಾಢ ಬಣ್ಣದ ಮರದ್ದು. ಹೊರಸುತ್ತಿನ ಬಿಳಿ ಮರ ತೇಗದ್ದೇ ಆಗಿದ್ದರೂ ಹುಳು ಹಿಡಿಯುತ್ತದೆ. ಎಳೆಯ ಮರದಿಂದ ಕೊಯ್ದ ಹಲಗೆಯಲ್ಲಿ ಈ ಬಿಳಿ ಪಟ್ಟಿ ಹೆಚ್ಚು. ಬಣ್ಣ ಬಳಿದು ಮುಚ್ಚಿದ ಮೇಲೆ ಅದು ಕಾಣುವುದಿಲ್ಲ, ಹಾಗಾಗಿ ಬಣ್ಣ ಹಚ್ಚುವ ಮುನ್ನವೇ ನೋಡಿಕೊಳ್ಳಿ. ಮಹಾಗನಿ ಹಿಗ್ಗುವುದರಲ್ಲಿ ತೇಗಕ್ಕೆ ಹತ್ತಿರ, ಕೆತ್ತನೆಗೆ ಹದ. ಹಲಸಿನ ಚೇಗು ಗೆದ್ದಲಿಗೆ ಚೆನ್ನಾಗಿ ತಡೆಯೊಡ್ಡುತ್ತದೆ, ಹೊಸದಿದ್ದಾಗ ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ಮಾಗುತ್ತದೆ. ಸಿಗುವಲ್ಲಿ ತೇಗಕ್ಕೆ ಬದಲಾಗಿ ನಾನು ಹಿಂದುಮುಂದು ನೋಡದೆ ಹೇಳುವ ಮರ ಇದು.

ರಬ್ಬರ್ ಮರದ ಬಗ್ಗೆ ಸ್ವಲ್ಪ ನಿಲ್ಲಬೇಕು. ತಿಳಿ ಬಣ್ಣ, ಸಾಧಾರಣ ಬೆಲೆ, ಹಿಗ್ಗುವುದೂ ಕಡಿಮೆ. ಆದರೆ ಅದರೊಳಗೆ ಪಿಷ್ಟ ತುಂಬಿರುತ್ತದೆ, ಬೂಷ್ಟಿಗೂ ಕುಟ್ಟೆ ಹುಳುವಿಗೂ ಅದೇ ಆಹಾರ. ಬೋರಾನ್ ಉಪ್ಪಿನಿಂದ ಸಂಸ್ಕರಿಸಿ ಒಣಗಿಸಿದ್ದಾದರೆ ಮೇಲಿನ ಖಾನೆಗಳಿಗೆ ಧಾರಾಳವಾಗಿ ಬಳಸಬಹುದು, ಸಿಂಕಿನ ಬಳಿ ಬೇಡ. ಏಕೆಂದರೆ ಬೋರಾನ್ ನೀರಿನಲ್ಲಿ ಕರಗುತ್ತದೆ, ಮತ್ತೆ ಮತ್ತೆ ಒದ್ದೆಯಾದರೆ ಸೋರಿ ಹೋಗುತ್ತದೆ. ಬಿದಿರಿನ ಹಲಗೆಗೂ ಇದೇ ಮಾತು.

ಯಾವ ಮರವಾದರೂ ಒಣಗಿಸಿದ ಬಗೆಯನ್ನು ಕೇಳಿ. ಹೆಚ್ಚು ಒಣಗಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಶೇ 8ಕ್ಕೆ ಒಣಗಿಸಿದ ಹಲಗೆ ವರ್ಷವಿಡೀ ಶೇ 14ರಲ್ಲಿ ನಿಲ್ಲುವ ಮನೆಗೆ ಬಂದರೆ, ಕೂರಿಸಿದ ಮೊದಲ ಮಳೆಗಾಲದಲ್ಲೇ ಹಿಗ್ಗಿ ಸಂದುಗಳನ್ನು ಒಡೆಯುತ್ತದೆ. ಒದ್ದೆ ಹವೆಗೆ ಶೇ 12ರಿಂದ 14 ಸರಿಯಾದ ಗುರಿ. ಎರಡು ಸೂಜಿಯ ತೇವಮಾಪಕ ಹಲಗೆಗೆ ಚುಚ್ಚಿದರೆ ಅಂಕಿ ತೋರಿಸುತ್ತದೆ, ಒಳ್ಳೆಯ ಬಡಗಿಯ ಬಳಿ ಅದು ಇದ್ದೇ ಇರುತ್ತದೆ. ಹಲಗೆಗಳನ್ನು ಕೆಲಸಕ್ಕೆ ಮುನ್ನ ಎರಡು ವಾರ ಅದೇ ಮನೆಯಲ್ಲಿ, ನಡುವೆ ರೀಪು ಇಟ್ಟು ಒಟ್ಟಿರಿ.

ಹೊಳಪಿನ ಲೇಪನ ತೇವವನ್ನು ನಿಧಾನಿಸುತ್ತದೆ, ತಡೆಯುವುದಿಲ್ಲ. ಮುಂದಿನ ಮೈಗೆ ಮೂರು ಪದರ ಪಾಲಿಯುರೆಥೇನ್ ಬಳಿದು ಹಿಂದಿನ ಮೈಯನ್ನು ಹಾಗೆಯೇ ಬಿಟ್ಟರೆ ಹಿಂಬದಿ ಬೇಗ ಹೀರಿ ಹಿಗ್ಗಿ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಎರಡೂ ಬದಿ ಸಮನಾಗಿ, ಕೊಯ್ದ ತುದಿಗಳಿಗೆ ಇನ್ನೊಂದು ಪದರ ಹೆಚ್ಚಾಗಿ ಬಳಿಸಿ. ತುದಿ ನೀರು ಕುಡಿಯುವ ವೇಗ ಹಲಗೆಯ ಮೈಗಿಂತ ಹಲವು ಪಟ್ಟು ಹೆಚ್ಚು.

ಹಲಗೆಗಳು ಮತ್ತು ಲೋಹ

ಕಪಾಟಿನ ಪೆಟ್ಟಿಗೆಗೆ ಗಟ್ಟಿ ಮರ ಬೇಕಿಲ್ಲ. ಇಲ್ಲಿ ನನ್ನ ಮತ ಪ್ಲೈವುಡ್‌ಗೆ, ಆದರೆ ಎಲ್ಲ ಪ್ಲೈವುಡ್‌ಗೂ ಅಲ್ಲ. ಪದರಗಳನ್ನು ಹಿಡಿದಿರುವ ಅಂಟೇ ಅದರ ಪ್ರಾಣ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನದ್ದು ಒಣ ಕೋಣೆಗೆ ಸರಿ, ಒದ್ದೆ ಬಿಸಿಯಲ್ಲಿ ಪದರ ಬಿಡುತ್ತದೆ. ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನದ್ದು ಕುದಿಯುವ ನೀರನ್ನು ತಡೆಯುತ್ತದೆ. ಮೆರೈನ್ ದರ್ಜೆಯ ಹಲಗೆಯ ತುಂಡನ್ನು 72 ಗಂಟೆ ಕುದಿಸಿ ಪದರ ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಫೀನಾಲ್ ಅಂಟು ಗಾಢ ಕಂದು ಬಣ್ಣದ್ದು, ಹಲಗೆಯ ಅಂಚಿನಲ್ಲಿ ಪದರಗಳ ನಡುವೆ ತೆಳು ಕಪ್ಪು ಗೆರೆಯಂತೆ ಕಾಣುತ್ತದೆ. ಬರೀ ಗೆರೆ ನೋಡಿ ನಂಬಬಾರದು, ಬಣ್ಣ ಬೆರೆಸಿಯೂ ಕಪ್ಪಾಗಿಸಬಹುದು.

ಎಂಡಿಎಫ್ ಎಂದರೆ ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ. ಅದರ ಬಾಗಿಲಿಗೆ ಬಣ್ಣ ಕನ್ನಡಿಯಂತೆ ಕೂರುತ್ತದೆ, ಅದರ ಆಕರ್ಷಣೆ ನನಗೂ ಅರ್ಥವಾಗುತ್ತದೆ. ಆದರೆ ಒಮ್ಮೆ ನೀರು ಕುಡಿದು ಉಬ್ಬಿದ ಎಂಡಿಎಫ್ ಒಣಗಿದ ಮೇಲೂ ಉಬ್ಬಿಯೇ ಇರುತ್ತದೆ. ತೇವ ತಡೆಯುವ ಬಗೆಯದೂ ಸಿಗುತ್ತದೆ, ಗುರುತಿಗೆ ಅದನ್ನು ಹಸಿರು ಮಾಡಿರುತ್ತಾರೆ. ಆ ಹಸಿರು ಬರಿಯ ಬಣ್ಣ, ಗುಣವಿರುವುದು ಒಳಗಿನ ರಾಳದಲ್ಲಿ. ಮೇಲಿನ ಖಾನೆಯ ಬಾಗಿಲಿಗೆ ಇದನ್ನು ಒಪ್ಪಬಹುದು. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಒದ್ದೆ ಹವೆಯ ಅಡುಗೆಮನೆಗೆ ಬೇಡವೇ ಬೇಡ. ಬೆಲೆ ಎಷ್ಟೇ ಕಡಿಮೆ ಇರಲಿ, ತಿರುಪಿನ ರಂಧ್ರ ಪುಡಿಯಾದ ಮೇಲೆ ಅದನ್ನು ಸರಿಪಡಿಸುವ ದಾರಿಯೇ ಇಲ್ಲ.

ಪಿವಿಸಿ ನೊರೆ ಹಲಗೆ ನೀರಿಗೆ ಜಗ್ಗುವುದಿಲ್ಲ, ಗೆದ್ದಲಿಗೆ ರುಚಿಸುವುದಿಲ್ಲ. ಅದರ ದೌರ್ಬಲ್ಯ ಬಿಸಿ ಮತ್ತು ಭಾರ. ಒಲೆಯ ಪಕ್ಕದಲ್ಲಿ ಮೆತ್ತಗಾಗಿ ಬಾಗುತ್ತದೆ, ಅಗಲದ ಖಾನೆ ಪಾತ್ರೆಯ ತೂಕಕ್ಕೆ ಜೋಲುತ್ತದೆ, ತಿರುಪಿನ ಹಿಡಿತವೂ ಸಡಿಲ. ಸಿಂಕಿನ ಕೆಳಗಿನ ಒಂದು ಪೆಟ್ಟಿಗೆಗೆ ಮಾತ್ರ ಇದಕ್ಕಿಂತ ಒಳ್ಳೆಯ ಅಗ್ಗದ ವಸ್ತು ಇಲ್ಲ. ಇಡೀ ಅಡುಗೆಮನೆಯನ್ನು ಒಂದೇ ವಸ್ತುವಿನಿಂದ ಮಾಡಬೇಕೆಂಬ ನಿಯಮವೇನೂ ಇಲ್ಲವಲ್ಲ.

ಸ್ಟೀಲಿನ ಪೆಟ್ಟಿಗೆಗಳನ್ನು ಕೊಳ್ಳುವವರು ದರ್ಜೆ ಕೇಳಲೇಬೇಕು. 304 ದರ್ಜೆಯಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕಲ್ ಇರುತ್ತದೆ. 316ರಲ್ಲಿ ಇವುಗಳ ಜೊತೆ ಶೇ 2ರಿಂದ 3ರಷ್ಟು ಮಾಲಿಬ್ಡಿನಂ, ಉಪ್ಪುಗಾಳಿಯನ್ನು ತಡೆಯುವುದು ಅದೇ. 200ರ ಸರಣಿಯಲ್ಲಿ ನಿಕಲ್ಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಕಡಲ ಬಳಿ ಇದಕ್ಕೆ ಬೇಗ ಕಂದು ಚುಕ್ಕೆ ಬೀಳುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎಂಬ ಮಾತನ್ನು ನಂಬಬೇಡಿ. 304 ಮತ್ತು 200ರ ಸರಣಿ ಎರಡೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಸಣ್ಣದೆಂದು ಬಿಡುವ ಜಾಗ ಕೀಲು ಮತ್ತು ತಿರುಪು. ಮರ ಗಟ್ಟಿಯಾಗಿಯೇ ಇದ್ದು ಕೀಲು ತುಕ್ಕು ಹಿಡಿದು ಬಾಗಿಲು ಜೋತ ಅಡುಗೆಮನೆಗಳನ್ನು ನಾನು ಬಹಳ ನೋಡಿದ್ದೇನೆ. ಸಿಂಕ್, ಒಲೆ ಇರುವ ಖಾನೆಗಳಿಗಾದರೂ 304 ದರ್ಜೆಯ ಕೀಲು ಹಾಕಿಸಿ. ಅಂಚಿನ ಪಟ್ಟಿಯನ್ನು ಸಾಧಾರಣ ಬಿಸಿ ಅಂಟಿನ ಬದಲು ಪಾಲಿಯುರೆಥೇನ್ ಅಂಟಿನಿಂದ ಹಚ್ಚಿಸಿದರೆ ಹಬೆಗೆ ಎದ್ದು ಬರುವುದಿಲ್ಲ. ಪೆಟ್ಟಿಗೆಗಳು ನೆಲಕ್ಕೆ ತಾಗದಂತೆ 100 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಅಥವಾ ಸ್ಟೀಲ್ ಕಾಲುಗಳ ಮೇಲೆ ನಿಲ್ಲಲಿ. ನೆಲ ಒರೆಸಿದ ನೀರು ಮರ ಮುಟ್ಟುವುದಿಲ್ಲ, ಅಡಿಯಲ್ಲಿ ಗಾಳಿಯೂ ಆಡುತ್ತದೆ.

ಒಲೆ ಮತ್ತು ಚಿಮಣಿ

ಸಿಲಿಂಡರಿನ ಒಂದು ಕಿಲೋ ಅನಿಲ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಪಾತ್ರೆಯಿಂದ ಏಳುವ ಹಬೆಯ ಮಾತಲ್ಲ ಇದು, ಜ್ವಾಲೆಯಿಂದಲೇ ಬರುವ ನೀರು. ಇಂಡಕ್ಷನ್ ಒಲೆಯಲ್ಲಿ ಇದು ಇಲ್ಲ. ಕೋಣೆಯೂ ಕಡಿಮೆ ಕಾಯುತ್ತದೆ, ಏಕೆಂದರೆ ಶಾಖದ ಹೆಚ್ಚಿನ ಪಾಲು ಪಾತ್ರೆಗೇ ಹೋಗುತ್ತದೆ. ಮರದ ದೃಷ್ಟಿಯಿಂದ ನೋಡಿದರೆ ಇಂಡಕ್ಷನ್ ಗೆದ್ದಂತೆ.

ಆದರೆ ಇಂಡಕ್ಷನ್ ಒಲೆಯ ಹೊಟ್ಟೆಯಲ್ಲಿ ಫ್ಯಾನ್ ಇದೆ, ಅದು ಅಡಿಯ ಗಾಳಿಯನ್ನು ಎಳೆದು ವಿದ್ಯುನ್ಮಾನ ಫಲಕದ ಮೇಲೆ ಹಾಯಿಸುತ್ತದೆ. ಅಡಿಯ ಗಾಳಿ ಒದ್ದೆಯಾಗಿ, ಜಿಡ್ಡಾಗಿ ಇದ್ದರೆ ಫಲಕದ ಆಯುಷ್ಯ ಕುಗ್ಗುತ್ತದೆ. ಗ್ಯಾಸ್ ಒಲೆಗೆ ಆ ಭಯವಿಲ್ಲ, ವಿದ್ಯುತ್ ಹೋದರೂ ಉರಿಯುತ್ತದೆ, ಬರ್ನರ್ ಸವೆದರೆ ಅದನ್ನಷ್ಟೇ ಬದಲಿಸಬಹುದು. ವಿದ್ಯುತ್ ಭರವಸೆಯಿರುವ, ಗಾಳಿ ಆಡದ ಚಿಕ್ಕ ಅಡುಗೆಮನೆಗೆ ಇಂಡಕ್ಷನ್ ಹೇಳುತ್ತೇನೆ. ಎರಡು ಬದಿ ಕಿಟಕಿಯಿರುವ ದೊಡ್ಡ ಅಡುಗೆಮನೆಗೆ ಗ್ಯಾಸ್ ಒಲೆಯಿಂದ ಹಾನಿಯಿಲ್ಲ. ಎರಡು ಬರ್ನರಿನ ಗ್ಯಾಸ್, ಪಕ್ಕದಲ್ಲಿ ಒಂದು ಇಂಡಕ್ಷನ್ ಇಟ್ಟುಕೊಂಡು ಹೆಚ್ಚು ಹೊತ್ತು ಕುದಿಸುವ ಕೆಲಸವನ್ನು ಇಂಡಕ್ಷನ್‌ಗೆ ಕೊಡುವುದು ನನಗೆ ಎಲ್ಲಕ್ಕಿಂತ ಹಿಡಿಸಿದ ಏರ್ಪಾಡು.

ಚಿಮಣಿಯ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಕೊಳವೆಯ ಮೂಲಕ ಹೊರಗೆ ಬಿಡುವುದನ್ನೇ ಕೊಳ್ಳಿ. ಕೊಳವೆಯಿಲ್ಲದ ಬಗೆಯದು ಗಾಳಿಯನ್ನು ಇದ್ದಿಲಿನ ಮೂಲಕ ಸೋಸಿ ಕೋಣೆಗೇ ಮರಳಿಸುತ್ತದೆ. ಜಿಡ್ಡು ಹಿಡಿಯುತ್ತದೆ, ವಾಸನೆ ಕಡಿಮೆ ಮಾಡುತ್ತದೆ, ಆದರೆ ಹಬೆ ಪೂರ್ತಿ ಒಳಗೇ ಉಳಿಯುತ್ತದೆ. ಒಣ ಹವೆಯಲ್ಲಿ ಅದು ಸಾಕು, ಇಲ್ಲಿ ಸಾಲದು. ಸಾಮರ್ಥ್ಯ ಎಷ್ಟಿರಬೇಕೆಂದು ಸುಲಭವಾಗಿ ಲೆಕ್ಕ ಹಾಕಬಹುದು. 3 ಮೀಟರ್ ಉದ್ದ, 2.5 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಗಾತ್ರ 22.5 ಘನ ಮೀಟರ್. ಗಂಟೆಗೆ ಹತ್ತು ಹದಿನೈದು ಬಾರಿ ಗಾಳಿ ಬದಲಾಗಬೇಕೆಂದರೆ 225ರಿಂದ 340 ಘನ ಮೀಟರ್. ಕೊಳವೆಯ ಉದ್ದ, ಪ್ರತಿ ತಿರುವು ಇದನ್ನು ಕಡಿಮೆ ಮಾಡುತ್ತವೆ, ಹಾಗಾಗಿ ಇದರ ಎರಡು ಪಟ್ಟು ಬರೆದಿರುವುದನ್ನು ಕೊಂಡರೆ ತಪ್ಪಿಲ್ಲ. ಕೊಳವೆಯ ವ್ಯಾಸ 150 ಮಿ.ಮೀ.ಗೆ ಕಡಿಮೆ ಬೇಡ. ಹೊರತುದಿಗೆ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆ ಇರಲಿ, ಇಲ್ಲದಿದ್ದರೆ ಚಿಮಣಿ ನಿಂತಾಗ ಮಳೆಗಾಳಿ ಅದೇ ದಾರಿಯಲ್ಲಿ ಒಳಬರುತ್ತದೆ. ಅಡುಗೆ ಮುಗಿದ ಮೇಲೂ ಹದಿನೈದು ನಿಮಿಷ ಓಡಿಸಿ. ಚಿಮಣಿಗೆ ಹಣ ಸಾಲದಿದ್ದರೆ ಗೋಡೆಯಲ್ಲಿ ಎತ್ತರಕ್ಕೆ ಕೂರಿಸುವ ಸಾದಾ ಎಕ್ಸಾಸ್ಟ್ ಫ್ಯಾನ್ ಕೂಡ ಕೊಳವೆಯಿಲ್ಲದ ದುಬಾರಿ ಚಿಮಣಿಗಿಂತ ಮರಕ್ಕೆ ಹೆಚ್ಚು ಉಪಕಾರಿ.

ಉಳಿದ ಯಂತ್ರಗಳು

ಫ್ರಿಜ್ಜಿನ ಒಳಗೆ ಅಂಟಿಸಿದ ಫಲಕದಲ್ಲಿ ಹವಾಮಾನ ವರ್ಗ ಎಂದು ಒಂದು ಗುರುತು ಇರುತ್ತದೆ. ಅಂಗಡಿಯಲ್ಲಿ ಯಾರೂ ಅದನ್ನು ತೋರಿಸುವುದಿಲ್ಲ. ಎಸ್‌ಎನ್, ಎನ್ ಎಂದಿದ್ದರೆ 32 ಡಿಗ್ರಿಯವರೆಗಿನ ಕೋಣೆಗೆ, ಎಸ್‌ಟಿ ಎಂದಿದ್ದರೆ 38, ಟಿ ಎಂದಿದ್ದರೆ 43 ಡಿಗ್ರಿಯವರೆಗೆ. ಬಿಸಿ ಹವೆಗೆ ಟಿ ಇರುವುದನ್ನೇ ಹುಡುಕಿ. ಒದ್ದೆ ಗಾಳಿಯಲ್ಲಿ ಪ್ರತಿ ಬಾರಿ ಬಾಗಿಲು ತೆರೆದಾಗಲೂ ನೀರಾವಿ ಒಳಗೆ ಹೋಗಿ ಹಿಮವಾಗುತ್ತದೆ, ಆದ್ದರಿಂದ ತಾನಾಗಿ ಹಿಮ ಕರಗಿಸುವ ಬಗೆಯದು ಇಲ್ಲಿ ಅನುಕೂಲ. ನೇರ ತಣಿಸುವ ಬಗೆಯದು ಅಗ್ಗ, ರಿಪೇರಿಯೂ ಸುಲಭ, ಆದರೆ ಹಿಮ ತೆಗೆಯುವ ಕೆಲಸ ನಿಮ್ಮದು. ಮರದ ಕಪಾಟಿನೊಳಗೆ ಫ್ರಿಜ್ ಹುದುಗಿಸುವ ಆಸೆಯನ್ನು ಬಿಡಿ. ಹಿಂದೆ, ಮೇಲೆ, ಪಕ್ಕದಲ್ಲಿ ಗಾಳಿಗೆ ಜಾಗ ಸಿಗದಿದ್ದರೆ ಯಂತ್ರವೂ ಬಳಲುತ್ತದೆ, ಹಲಗೆಯೂ ಬೆವರುತ್ತದೆ.

ಡಿಶ್‌ವಾಷರ್ ಕೊಳ್ಳುವವರು ಒಣಗಿಸುವ ವಿಧಾನ ನೋಡಬೇಕು. ಕೊನೆಯಲ್ಲಿ ತಾನಾಗಿ ಬಾಗಿಲು ತೆರೆದುಕೊಳ್ಳುವ ಬಗೆಯದು ಪಾತ್ರೆಯನ್ನು ಚೆನ್ನಾಗಿ ಒಣಗಿಸುತ್ತದೆ, ಆ ಬಿಸಿ ಹಬೆಯನ್ನೆಲ್ಲ ನೇರವಾಗಿ ಕಟ್ಟೆಯ ಅಡಿಗೆ ಬಿಡುತ್ತದೆ. ತೇವ ಹೀರುವ ಖನಿಜವಾದ ಜಿಯೋಲೈಟ್ ಬಳಸುವ ಬಗೆಯದು ಹಬೆಯನ್ನು ಒಳಗೇ ಹೀರಿಸುತ್ತದೆ, ಬೆಲೆ ಹೆಚ್ಚು. ಮೊದಲನೆಯದನ್ನೇ ಕೊಂಡರೆ ಕಟ್ಟೆಯ ಅಡಿಗೆ ಲೋಹದ ಹಾಳೆಯ ತಡೆಪಟ್ಟಿ ಅಂಟಿಸಿ, ಪಕ್ಕದ ಹಲಗೆಗಳು ಮೆರೈನ್ ಪ್ಲೈವುಡ್ ಆಗಿರಲಿ.

ಓವನ್, ಮಿಕ್ಸರ್ ಮುಂತಾದವುಗಳಲ್ಲಿ ಗುಂಡಿ ತಿರುಗಿಸುವ ಸರಳ ಯಂತ್ರ ಸ್ಪರ್ಶಫಲಕದ ಯಂತ್ರಕ್ಕಿಂತ ತೇವವನ್ನು ಚೆನ್ನಾಗಿ ಸಹಿಸುತ್ತದೆ. ಬಳಸದೆ ಇಟ್ಟ ಯಂತ್ರವೇ ಬೇಗ ಕೆಡುವುದು. ಓಡಿದಾಗ ಹುಟ್ಟುವ ಬಿಸಿ ಒಳಗಿನ ತೇವವನ್ನು ಒಣಗಿಸುತ್ತದೆ. ಏನನ್ನು ಕೊಳ್ಳದಿದ್ದರೂ ವಿದ್ಯುತ್ ಸೋರಿದೊಡನೆ ಸಾಲನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಅಡುಗೆಮನೆಯ ವಿದ್ಯುತ್ ಸಾಲಿಗೆ ಹಾಕಿಸಿ. ಒದ್ದೆ ಕೈ, ಒದ್ದೆ ನೆಲ, ಸೋರುವ ವಿದ್ಯುತ್ ಸೇರಿದರೆ ಜೀವ ಉಳಿಸುವುದು ಅದು.

ತೇವ ಹೀರುವ ಯಂತ್ರ ಬೇಕೇ ಎಂದು ಕೇಳುವವರಿದ್ದಾರೆ. ಕಿಟಕಿ ಬಾಗಿಲು ಮುಚ್ಚಿಡುವ ಮನೆಗೆ ಉಪಯೋಗ, ಬೆಚ್ಚಗಿನ ಹವೆಗೆ ಕಂಪ್ರೆಸರ್ ಇರುವ ಬಗೆಯದು ಸರಿ. ಸದಾ ತೆರೆದ ಮನೆಗೆ ವ್ಯರ್ಥ.

ಯಾರಿಗೆ ಯಾವುದು

ಬಾಡಿಗೆ ಮನೆಯಲ್ಲಿ ಇರುವವರು ಗೋಡೆಗೆ ಏನನ್ನೂ ಕಟ್ಟಿಸಬೇಡಿ. ಕಾಲಿರುವ 304 ಸ್ಟೀಲ್ ಮೇಜು, ತೆರೆದ ಖಾನೆಗಳು, ಇಂಡಕ್ಷನ್ ಒಲೆ, ಎಕ್ಸಾಸ್ಟ್ ಫ್ಯಾನ್ ಸಾಕು. ಎಲ್ಲವೂ ನಿಮ್ಮ ಜೊತೆ ಮುಂದಿನ ಮನೆಗೆ ಬರುತ್ತವೆ, ತೆರೆದ ಖಾನೆಯಲ್ಲಿ ಬೂಷ್ಟು ಕಟ್ಟುವುದೂ ಕಡಿಮೆ.

ಸ್ವಂತ ಮನೆ, ಬಿಗಿಯಾದ ಕೈ ಎಂದರೆ ಮೆರೈನ್ ಪ್ಲೈವುಡ್ಡನ್ನು ಕೆಳಗಿನ ಪೆಟ್ಟಿಗೆಗಳಿಗೆ ಮಾತ್ರ ಹಾಕಿ, ಸಿಂಕಿನ ಕೆಳಗೆ ಪಿವಿಸಿ, ಮೇಲಿನ ಖಾನೆಗಳಿಗೆ ಸಂಸ್ಕರಿಸಿದ ರಬ್ಬರ್ ಮರ. ಬಾಗಿಲುಗಳನ್ನು ಈಗ ಸಾದಾ ಲ್ಯಾಮಿನೇಟಿನಲ್ಲಿ ಮಾಡಿಸಿ, ಮುಂದೆ ಬದಲಿಸಬಹುದು. ಉಳಿದ ಹಣ ಕೊಳವೆಯ ಚಿಮಣಿಗೆ. ಬಾಗಿಲಿಗೆ ಸುರಿದು ಚಿಮಣಿಯಲ್ಲಿ ಉಳಿಸಿದವರು ಎರಡನ್ನೂ ಕಳೆದುಕೊಂಡಿದ್ದನ್ನು ಕಂಡಿದ್ದೇನೆ.

ಇಪ್ಪತ್ತು ವರ್ಷ ಇರುವ ಮನೆಗೆ, ಕೈಯಲ್ಲಿ ಹಣವಿದ್ದರೆ, ಪ್ಲೈವುಡ್ ಪೆಟ್ಟಿಗೆಗೆ ತೇಗ ಅಥವಾ ಹಲಸಿನ ಚೌಕಟ್ಟಿನ ಬಾಗಿಲು. ಹವಾನಿಯಂತ್ರಿತ ಹಜಾರಕ್ಕೆ ತೆರೆದುಕೊಂಡ ಅಡುಗೆಮನೆಯಾದರೆ ಮಾತ್ರ ಮತ್ತೊಮ್ಮೆ ಯೋಚಿಸಿ. ಬಾಗಿಲಿನ ಮುಂದಿನ ಮೈ ಒಣ ಗಾಳಿಯಲ್ಲಿ, ಹಿಂದಿನ ಮೈ ಕಪಾಟಿನ ಒದ್ದೆ ಗಾಳಿಯಲ್ಲಿ ಇದ್ದು, ಅಗಲದ ಮರದ ಬಾಗಿಲು ಬಾಗುತ್ತದೆ. ಅಲ್ಲಿ ಪ್ಲೈವುಡ್ ಮೇಲೆ ಮರದ ತೆಳುಪದರ ಅಂಟಿಸಿದ್ದು ನೋಟಕ್ಕೂ ಸರಿ, ನೇರವಾಗಿಯೂ ಇರುತ್ತದೆ. ಕಡಲಿಗೆ ಹತ್ತಿರದವರು ಮರದಲ್ಲಿ ಒಂದು ಮೆಟ್ಟಿಲು ಇಳಿದರೂ ಕೀಲು, ಸಿಂಕ್, ತಿರುಪುಗಳಲ್ಲಿ 316ಕ್ಕೆ ಏರುವುದು ಮೇಲು.

ಮುಂಗಡ ಕೊಡುವ ಮುನ್ನ ಒಂದು ಕೆಲಸ ಉಳಿದಿದೆ. ಬಡಗಿ ತೋರಿಸಿದ ಹಲಗೆಯಿಂದ ಅಂಗೈಯಗಲದ ಎರಡು ತುಂಡು ಕೇಳಿ ಪಡೆಯಿರಿ. ಎರಡರ ದಪ್ಪವನ್ನೂ ಅಳೆದು ಪೆನ್ಸಿಲಿನಲ್ಲಿ ಅದರ ಮೇಲೆಯೇ ಬರೆಯಿರಿ. ಒಂದನ್ನು ಒಂದು ರಾತ್ರಿ ತಣ್ಣೀರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಹಳೆಯ ಪಾತ್ರೆಯಲ್ಲಿ ನಾಲ್ಕು ಗಂಟೆ ಕುದಿಸಿ. ಒಣಗಲು ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ, ಪದರಗಳ ನಡುವೆ ಚಾಕುವಿನ ತುದಿ ಹೊಗಿಸಿ ನೋಡಿ. ತುದಿ ಒಳಗೆ ಹೋದರೆ, ಇಲ್ಲವೇ ದಪ್ಪ ಮೊದಲಿನ ಅಂಕಿಗೆ ಮರಳದಿದ್ದರೆ, ಆ ತುಂಡನ್ನು ಬಡಗಿಯ ಕೈಗೇ ಕೊಟ್ಟು ಬೇರೆ ಹಲಗೆ ತರಿಸಿ. ಒಪ್ಪಿದ ಹಲಗೆಯ ತುಂಡನ್ನು ಎಸೆಯಬೇಡಿ. ಮನೆಗೆ ಬಂದ ಸರಕು ಅದೇ ಹೌದೇ ಎಂದು ಅಂಚಿಗೆ ಅಂಚು ಹಿಡಿದು ನೋಡಲು ಅದು ಬೇಕಾಗುತ್ತದೆ.